ಶೇ 30 ಮತಕ್ಕೆ ನಾಲ್ಕೇ ಸ್ಥಾನ: ಆಫ್ರಿಕಾದ ಸಂಸತ್ತುಗಳ ಲೆಕ್ಕಾಚಾರ

ಪ್ರಶ್ನೆ: ನನ್ನ ಮಗ ಬೋಟ್ಸ್ವಾನಾದ ಗ್ಯಾಬೊರೋನ್‌ನಲ್ಲಿ ಕೆಲಸದಲ್ಲಿದ್ದಾನೆ. 2024ರ ಚುನಾವಣೆಯಲ್ಲಿ ಅಲ್ಲಿನ ಆಳುವ ಪಕ್ಷ 58 ವರ್ಷಗಳ ನಂತರ ಸೋತಿತೆಂದೂ, ಶೇ 30ರಷ್ಟು ಮತ ಬಿದ್ದರೂ ನಾಲ್ಕೇ ಸ್ಥಾನ ದಕ್ಕಿತೆಂದೂ ಹೇಳಿದ. ಅದೇ ವರ್ಷ ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ ಶೇ 40 ಮತ ಪಡೆದ ಪಕ್ಷ ಅಧಿಕಾರದಲ್ಲೇ ಉಳಿಯಿತು. ಇದು ಯಾವ ಲೆಕ್ಕ? ಆಫ್ರಿಕಾದ ದೇಶಗಳಲ್ಲೂ ನಮ್ಮಲ್ಲಿಯಂತೆ ಎರಡು ಸದನಗಳಿವೆಯೇ? ರುವಾಂಡಾದ ಸಂಸತ್ತಿನಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಎನ್ನುವುದು ನಿಜವೇ? ಗ್ಯಾಂಬಿಯಾದಲ್ಲಿ ಗೋಲಿ ಹಾಕಿ ಮತ ಚಲಾಯಿಸುತ್ತಾರಂತೆ, ಅದೂ ನಿಜವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ರುವಾಂಡಾದ ಮಾತೂ ನಿಜ, ಗೋಲಿಯ ಮಾತೂ ನಿಜ. ಆದರೆ ಮೊದಲ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅದು ಬಿಡಿಸಿದರೆ ಉಳಿದದ್ದು ಅರ್ಧಕ್ಕರ್ಧ ತಾನೇ ಬಿಡಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ‘ಆಫ್ರಿಕಾದ ಸಂಸತ್ತು’ ಎಂಬ ಒಂದೇ ವಸ್ತು ಇಲ್ಲ. ಅಲ್ಲಿ 54 ದೇಶಗಳಿವೆ. ಬ್ರಿಟಿಷರು ಆಳಿದ ಕಡೆ ಹೆಚ್ಚಾಗಿ ನಮ್ಮಂತೆ ಒಂದು ಕ್ಷೇತ್ರಕ್ಕೆ ಒಬ್ಬ ಸದಸ್ಯ. ಅಂಗೋಲಾ, ಮೊಜಾಂಬಿಕ್‌ಗಳಂಥ ಪೋರ್ಚುಗೀಸರ ಹಳೆಯ ವಸಾಹತುಗಳಲ್ಲಿ ಪಕ್ಷದ ಪಟ್ಟಿಗೆ ಮತ. ಫ್ರೆಂಚರು ಬಿಟ್ಟುಹೋದ ಕಡೆ ಎರಡು ಸುತ್ತಿನ ಮತದಾನ, ಪಟ್ಟಿ, ಎರಡರ ಬೆರಕೆ, ಎಲ್ಲವೂ ಸಿಗುತ್ತವೆ. ಎರವಲು ಪಡೆದ ಈ ಅಂಗಿಯನ್ನು ಪ್ರತಿ ದೇಶವೂ ತನ್ನ ಮೈಗೆ ತಕ್ಕಂತೆ ಕತ್ತರಿಸಿ ಹೊಲಿದುಕೊಂಡಿದೆ. ಎಲ್ಲಿ ಕತ್ತರಿಸಿದೆ ಎಂದು ನೋಡಿದರೆ ಆ ದೇಶಕ್ಕೆ ಎಲ್ಲಿ ಗಾಯವಾಗಿತ್ತು ಎಂಬುದು ತಿಳಿಯುತ್ತದೆ. ನಿಮ್ಮ ಮಗ ಇರುವ ಮೂಲೆಯಲ್ಲಿ, ಅಂದರೆ ಬೋಟ್ಸ್ವಾನಾ, ದಕ್ಷಿಣ ಆಫ್ರಿಕಾ ಮತ್ತು ಲೆಸೊಟೊದಲ್ಲಿ, ಇದು ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಬೋಟ್ಸ್ವಾನಾದಿಂದ ಶುರು ಮಾಡೋಣ. ಅಲ್ಲಿನ ನಿಯಮ ನಮ್ಮ ಲೋಕಸಭೆಯದೇ: ಕ್ಷೇತ್ರದಲ್ಲಿ ಯಾರಿಗೆ ಹೆಚ್ಚು ಮತವೋ ಅವರು ಗೆದ್ದಂತೆ, ಅರ್ಧಕ್ಕಿಂತ ಹೆಚ್ಚು ಬೇಕೆಂದೇನೂ ಇಲ್ಲ. 2024ರಲ್ಲಿ ಕ್ಷೇತ್ರಗಳು 61. ಡುಮಾ ಬೋಕೊ ಅವರ ಯುಡಿಸಿ ಮೈತ್ರಿಕೂಟ ಶೇ 37ರಷ್ಟು ಮತ ಪಡೆದು 36 ಸ್ಥಾನ ಗೆದ್ದಿತು. 1966ರಲ್ಲಿ ಸ್ವಾತಂತ್ರ್ಯ ಬಂದಂದಿನಿಂದ ಆಳಿದ್ದ ಬಿಡಿಪಿಗೆ ಶೇ 30ರಷ್ಟು ಮತ, 4 ಸ್ಥಾನ. ಮೂರನೆಯ ಪಕ್ಷ ಬಿಸಿಪಿಗೆ ಶೇ 21ರಷ್ಟು ಮತ, ಆದರೆ 15 ಸ್ಥಾನ! ಮಾಜಿ ಅಧ್ಯಕ್ಷ ಇಯಾನ್ ಖಾಮಾ ಅವರ ಬೆಂಬಲವಿದ್ದ ಬಿಪಿಎಫ್ ಎಂಬ ಸಣ್ಣ ಪಕ್ಷವೂ 5 ಸ್ಥಾನ ಪಡೆದು ಬಿಡಿಪಿಯನ್ನು ಹಿಂದೆ ಹಾಕಿತು.

ಇಲ್ಲಿ ಮೋಸವೇನೂ ನಡೆದಿಲ್ಲ. ಕಾಲ್ಪನಿಕವಾಗಿ ಒಂದು ಕ್ಷೇತ್ರ ಇಟ್ಟುಕೊಳ್ಳಿ: ಒಟ್ಟು 10,000 ಮತ. ಯುಡಿಸಿಗೆ 3,900, ಬಿಡಿಪಿಗೆ 3,200, ಬಿಸಿಪಿಗೆ 2,100, ಉಳಿದವರಿಗೆ 800. ಗೆದ್ದವರು ಒಬ್ಬರೇ. ಬಿಡಿಪಿಯ 3,200 ಮತ ಆ ಸಂಜೆಯೇ ಲೆಕ್ಕದಿಂದ ಹೊರಗೆ. ಹೀಗೆ ಊರೂರಿನಲ್ಲೂ ಎರಡನೆಯ ಸ್ಥಾನಕ್ಕೆ ಬಂದ ಪಕ್ಷದ ಗತಿ ಏನಾಗುತ್ತದೆ ಎಂಬುದಕ್ಕೆ ಬಿಡಿಪಿಯೇ ಸಾಕ್ಷಿ. ಮತ ದೇಶದ ತುಂಬ ತೆಳುವಾಗಿ ಹರಡಿಕೊಂಡಿದ್ದರೆ ಇಂಥ ನಿಯಮದಲ್ಲಿ ಕೈಗೆ ಏನೂ ಹತ್ತುವುದಿಲ್ಲ. ಬಿಸಿಪಿಯ ಮತ ಉತ್ತರ ಭಾಗದಲ್ಲಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು, ಬಿಪಿಎಫ್‌ನದು ಖಾಮಾ ಮನೆತನದ ಸೆರೋವೆಯ ಸುತ್ತ. ಮಳೆ ಎಷ್ಟು ಬಿತ್ತು ಎನ್ನುವುದಕ್ಕಿಂತ ಯಾರ ಹೊಲದಲ್ಲಿ ನಿಂತಿತು ಎನ್ನುವುದೇ ಮುಖ್ಯವಾಯಿತು.

ಬಿಡಿಪಿಯ ಮೇಲೆ ಮರುಕ ಪಡುವ ಮುನ್ನ ಇನ್ನೊಂದು ಸಂಖ್ಯೆ ನೋಡಿ. 2014ರಲ್ಲಿ ಅದೇ ಪಕ್ಷಕ್ಕೆ ಅರ್ಧಕ್ಕಿಂತ ಕಡಿಮೆ, ಶೇ 46ರಷ್ಟು ಮತ ಬಿದ್ದಿತ್ತು. ಸ್ಥಾನ ಮಾತ್ರ 57ರಲ್ಲಿ 37. ವಿರೋಧಿಗಳು ಒಡೆದು ಹೋಗಿದ್ದಷ್ಟು ಕಾಲ ಈ ನಿಯಮ ಅದಕ್ಕೆ ಕಾಮಧೇನುವಾಗಿತ್ತು. ಹತ್ತು ವರ್ಷಗಳ ನಂತರ ಅದೇ ಕಾಮಧೇನು ಒದೆಯಿತು. ಬದಲಿಸುವ ಅಧಿಕಾರ ಕೈಯಲ್ಲಿದ್ದಾಗ ಬದಲಿಸದೆ ಕೂತವರಿಗೆ ದೂರುವ ಹಕ್ಕು ಅಷ್ಟಾಗಿ ಇಲ್ಲ ಎಂದು ನನಗನಿಸುತ್ತದೆ.

ಇನ್ನೊಂದು ವಿಶೇಷ ಇದೆ. ಬೋಟ್ಸ್ವಾನಾದಲ್ಲಿ ಅಧ್ಯಕ್ಷರಿಗೆಂದು ಪ್ರತ್ಯೇಕ ಮತಪತ್ರ ಇಲ್ಲ. ಸಂಸತ್ತಿಗೆ ನಿಲ್ಲುವ ಅಭ್ಯರ್ಥಿ ನಾಮಪತ್ರ ಸಲ್ಲಿಸುವಾಗಲೇ ತಾನು ಯಾರನ್ನು ಅಧ್ಯಕ್ಷರನ್ನಾಗಿ ಬೆಂಬಲಿಸುತ್ತೇನೆ ಎಂದು ಘೋಷಿಸುತ್ತಾನೆ. ಅಂಥವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯಾರ ಹೆಸರಿನಲ್ಲಿ ಗೆದ್ದರೋ ಅವರೇ ಅಧ್ಯಕ್ಷರು. ಹೀಗಾಗಿ 31ನೆಯ ಸ್ಥಾನ ಬಂದ ಕ್ಷಣಕ್ಕೆ ಬೋಕೊ ಅಧ್ಯಕ್ಷರಾದರು. ಹೆಸರಿಗೆ ಅಧ್ಯಕ್ಷರಾದರೂ ಅವರು ಬರುವ ದಾರಿ ನಮ್ಮ ಪ್ರಧಾನಿಯದಕ್ಕೇ ಹತ್ತಿರ.

ಈಗ ಗಡಿ ದಾಟಿ ದಕ್ಷಿಣ ಆಫ್ರಿಕಾಕ್ಕೆ ಬನ್ನಿ. ರಾಷ್ಟ್ರೀಯ ಸಭೆಯಲ್ಲಿ 400 ಸ್ಥಾನ. ಕ್ಷೇತ್ರ ಎಂಬುದೇ ಇಲ್ಲ. 200 ಸ್ಥಾನ ರಾಷ್ಟ್ರೀಯ ಪಟ್ಟಿಗಳಿಂದ, 200 ಒಂಬತ್ತು ಪ್ರಾಂತ್ಯಗಳ ಪಟ್ಟಿಗಳಿಂದ. ಪಕ್ಷ ಮೊದಲೇ ತನ್ನವರ ಹೆಸರನ್ನು ಒಂದು, ಎರಡು, ಮೂರು ಎಂದು ಬರೆದು ಚುನಾವಣಾ ಆಯೋಗಕ್ಕೆ ಕೊಡುತ್ತದೆ. ಮತದಾರ ಆ ಕ್ರಮ ಬದಲಿಸುವಂತಿಲ್ಲ. ಮತ ಎಷ್ಟು ಶೇಕಡಾ ಬಂತೋ ಸ್ಥಾನವೂ ಹೆಚ್ಚುಕಡಿಮೆ ಅಷ್ಟೇ ಶೇಕಡಾ. ಇಷ್ಟಾದರೂ ಮತ ಬೀಳಲೇಬೇಕು ಎಂಬ ಕನಿಷ್ಠ ಮಿತಿಯೂ ಇಲ್ಲ. 2024ರಲ್ಲಿ ಸಿಂಧು ಮತಗಳು ಸುಮಾರು 1.6 ಕೋಟಿ. 400ರಿಂದ ಭಾಗಿಸಿ ನೋಡಿ, ಸುಮಾರು 40 ಸಾವಿರ ಮತಕ್ಕೆ ಒಂದು ಸ್ಥಾನ. ಆದ್ದರಿಂದಲೇ 18 ಪಕ್ಷಗಳು ಒಳಗೆ ಬಂದವು.

ಆಳುತ್ತಿದ್ದ ಪಕ್ಷ ಎಎನ್‌ಸಿ ಶೇ 40.18 ಮತ ಪಡೆದು 159 ಸ್ಥಾನಕ್ಕೆ ಇಳಿಯಿತು. ಹಿಂದಿನ ಬಾರಿ 230 ಇತ್ತು. ಡಿಎ 87, ಮಾಜಿ ಅಧ್ಯಕ್ಷ ಜೇಕಬ್ ಝೂಮಾ ಅವರ ಹೊಸ ಪಕ್ಷ ಎಂಕೆ 58, ಇಎಫ್‌ಎಫ್ 39. ಬಹುಮತಕ್ಕೆ 201 ಬೇಕು, ಯಾರಿಗೂ ಇಲ್ಲ. ಅಲ್ಲಿಯೂ ಅಧ್ಯಕ್ಷರನ್ನು ಆರಿಸುವುದು ಸಂಸತ್ತೇ. 2024ರ ಜೂನ್ 14ರಂದು ಎಎನ್‌ಸಿ ತನ್ನ ಹಳೆಯ ಎದುರಾಳಿ ಡಿಎಯನ್ನೂ ಸೇರಿಸಿಕೊಂಡು ಸಿರಿಲ್ ರಾಮಫೋಸಾ ಅವರನ್ನು 283 ಮತಗಳಿಂದ ಮತ್ತೆ ಆರಿಸಿಕೊಂಡಿತು. ನಿಮ್ಮ ಪ್ರಶ್ನೆಯ ತಿರುಳು ಇಷ್ಟೇ: ಎಎನ್‌ಸಿ ಕಳೆದುಕೊಂಡದ್ದು ಬಹುಮತವನ್ನು, ಬಿಡಿಪಿ ಕಳೆದುಕೊಂಡದ್ದು ಸದನವನ್ನೇ. ದಕ್ಷಿಣ ಆಫ್ರಿಕಾದ ಲೆಕ್ಕ ಬೋಟ್ಸ್ವಾನಾದಲ್ಲಿ ಇದ್ದಿದ್ದರೆ ಬಿಡಿಪಿಗೆ 18 ಅಥವಾ 19 ಸ್ಥಾನ ಸಿಗುತ್ತಿತ್ತು, ಬೋಕೊಗೆ 23ರ ಆಸುಪಾಸು, ಮತ್ತು ಗ್ಯಾಬೊರೋನ್‌ನಲ್ಲೂ ಮೈತ್ರಿಗಾಗಿ ಓಡಾಟ ನಡೆಯುತ್ತಿತ್ತು.

ದಕ್ಷಿಣ ಆಫ್ರಿಕಾ ಬ್ರಿಟಿಷರ ಪದ್ಧತಿಯನ್ನು ಬಿಟ್ಟು ಇಂಥ ಪಟ್ಟಿಯನ್ನು ಯಾಕೆ ಅಪ್ಪಿಕೊಂಡಿತು? ಗಾಯ ಎಂದೆನಲ್ಲ, ಅದು 1948ರದು. ಆಗ ಬಿಳಿಯರದೇ ಸಂಸತ್ತು, ಕ್ಷೇತ್ರಕ್ಕೊಬ್ಬ ಸದಸ್ಯ, ಹಳ್ಳಿಯ ಕ್ಷೇತ್ರಗಳಲ್ಲಿ ಕಡಿಮೆ ಮತದಾರರಿದ್ದರೂ ಸರಿ ಎಂಬ ನಿಯಮ. ಆಗಿನ ಪ್ರಧಾನಿ ಜಾನ್ ಸ್ಮಟ್ಸ್ ಅವರ ಯುನೈಟೆಡ್ ಪಕ್ಷಕ್ಕೆ ಮತ ಹೆಚ್ಚು ಬಿದ್ದವು, ನ್ಯಾಷನಲ್ ಪಕ್ಷಕ್ಕೆ ಸ್ಥಾನ ಹೆಚ್ಚು ಬಂದವು: 65ಕ್ಕೆ ಎದುರಾಗಿ 70. ಸ್ಮಟ್ಸ್ ತಮ್ಮ ಸ್ವಂತ ಕ್ಷೇತ್ರವನ್ನೇ ಸೋತರು. ಹಾಗೆ ಅಧಿಕಾರಕ್ಕೆ ಬಂದವರು ವರ್ಣಭೇದ ನೀತಿಯನ್ನು ಕಾನೂನು ಮಾಡಿದರು. ಬಿಳಿಯ ಮತದಾರರಲ್ಲೂ ಹೆಚ್ಚಿನವರ ಒಪ್ಪಿಗೆ ಇಲ್ಲದೆ ಆರಂಭವಾದ ಆಳ್ವಿಕೆ ಅದು. 1994ರ ಹೊತ್ತಿಗೆ ಇನ್ನೊಂದು ತೊಡಕು. ಬಣ್ಣ ನೋಡಿ ಜನರನ್ನು ಬೇರೆ ಬೇರೆ ಬಡಾವಣೆಗಳಿಗೆ ತಳ್ಳಿದ್ದ ದೇಶದಲ್ಲಿ ಕ್ಷೇತ್ರದ ಗಡಿ ಯಾರು ಎಳೆದರೂ ಜಗಳ. ನಂಬಬಹುದಾದ ಮತದಾರರ ಪಟ್ಟಿಯೂ ಇರಲಿಲ್ಲ. ಗಡಿಯೇ ಬೇಡದ ಪದ್ಧತಿ ಎಲ್ಲರಿಗೂ ಒಪ್ಪಿಗೆಯಾಯಿತು. ಶೇ 62ಕ್ಕಿಂತ ಹೆಚ್ಚು ಮತ ಬಂದ ಎಎನ್‌ಸಿ ಕ್ಷೇತ್ರ ಪದ್ಧತಿಗೆ ಪಟ್ಟು ಹಿಡಿದಿದ್ದರೆ ಉಳಿದವರನ್ನು ಗುಡಿಸಿ ಹಾಕಬಹುದಿತ್ತು. ಹಾಗೆ ಮಾಡದೆ, ಶೇ 2ರಷ್ಟು ಮತ ಪಡೆದ ಬಿಳಿಯ ಬಲಪಂಥೀಯರ ಫ್ರೀಡಂ ಫ್ರಂಟ್‌ಗೂ 9 ಸ್ಥಾನ ಸಿಗುವಂತಾಯಿತು. ಬಂದೂಕು ಹಿಡಿದು ಹೊರಗೆ ನಿಲ್ಲುವುದಕ್ಕಿಂತ ಒಳಗೆ ಕೂತು ಕೂಗಾಡಲಿ ಎಂಬ ಲೆಕ್ಕಾಚಾರ. ಅದು ಫಲಿಸಿತು.

ಅದಕ್ಕೆ ತೆತ್ತ ಬೆಲೆಯೂ ಇದೆ. ಮನೆಯ ಮುಂದಿನ ಚರಂಡಿ ಕಟ್ಟಿಕೊಂಡರೆ ‘ನಮ್ಮ ಸಂಸದರು’ ಎಂದು ಬೊಟ್ಟು ಮಾಡಲು ಅಲ್ಲಿ ಯಾರೂ ಇಲ್ಲ. ಸಂಸದನ ಭವಿಷ್ಯ ಪಟ್ಟಿಯಲ್ಲಿ ಅವನ ಸಂಖ್ಯೆ ಎಷ್ಟು ಎಂಬುದರ ಮೇಲೆ, ಆ ಸಂಖ್ಯೆ ಪಕ್ಷದ ನಾಯಕರ ಕೈಯಲ್ಲಿ. ಪಕ್ಷ ಬಿಟ್ಟರೆ ಸ್ಥಾನವೂ ಹೋಯಿತು. ನಡುವೆ ಕೆಲವು ವರ್ಷ ನಿಗದಿತ ದಿನಗಳಲ್ಲಿ ಪಕ್ಷ ಬದಲಿಸಲು ಕಾನೂನೇ ಬಾಗಿಲು ತೆರೆದಿತ್ತು. ಅದು ಸಂತೆಯಾಗಿ ಮಾರ್ಪಟ್ಟದ್ದರಿಂದ 2009ರಲ್ಲಿ ಮುಚ್ಚಿದರು. ಫ್ರೆಡರಿಕ್ ವಾನ್ ಝೈಲ್ ಸ್ಲಾಬರ್ಟ್ ನೇತೃತ್ವದ ಸಮಿತಿ 2003ರಲ್ಲೇ, ಬಹುಸದಸ್ಯ ಕ್ಷೇತ್ರಗಳನ್ನು ಮಾಡಿ ಅದರ ಮೇಲೆ ಪಟ್ಟಿಯಿಂದ ಸರಿದೂಗಿಸಿ ಎಂದು ಶಿಫಾರಸು ಮಾಡಿತ್ತು. ವರದಿ ಕಪಾಟು ಸೇರಿತು. ಕಡೆಗೆ ಸಂವಿಧಾನ ನ್ಯಾಯಾಲಯವೇ 2020ರಲ್ಲಿ, ಪಕ್ಷ ಸೇರದೆ ಚುನಾವಣೆಗೆ ನಿಲ್ಲಲಾಗದಂತೆ ಮಾಡುವುದು ಸಂವಿಧಾನಬಾಹಿರ ಎಂದಿತು. 2024ರಲ್ಲಿ ಸ್ವತಂತ್ರರಿಗೆ ಅವಕಾಶ ಸಿಕ್ಕಿತು, ಮತದಾರರ ಕೈಗೆ ಎರಡರ ಬದಲು ಮೂರು ಮತಪತ್ರ ಬಂದವು. ರಾಷ್ಟ್ರೀಯ ಸಭೆಗೆ ಸ್ವತಂತ್ರರಾಗಿ ಗೆದ್ದವರು ಮಾತ್ರ ಒಬ್ಬರೂ ಇಲ್ಲ.

ಈ ಎರಡು ಪದ್ಧತಿಗಳ ನಡುವಿನ ದಾರಿ ಹಿಡಿದದ್ದು, ನಾಲ್ಕೂ ಕಡೆ ದಕ್ಷಿಣ ಆಫ್ರಿಕಾ ಸುತ್ತುವರಿದಿರುವ ಬೆಟ್ಟಗಳ ರಾಜ್ಯ ಲೆಸೊಟೊ. ನನ್ನ ಮಟ್ಟಿಗೆ ಇಡೀ ಖಂಡದಲ್ಲಿ ಅತಿ ಹೆಚ್ಚು ಪಾಠ ಕಲಿಸುವ ದೇಶ ಇದೇ. 1993ರಲ್ಲಿ ಅಲ್ಲಿ 65 ಕ್ಷೇತ್ರಗಳಿದ್ದವು. ಗೆದ್ದ ಪಕ್ಷ 65ನ್ನೂ ಗೆದ್ದಿತು. ನಾಲ್ಕನೆಯ ಒಂದು ಭಾಗ ಮತದಾರರು ಬೇರೆಯವರಿಗೆ ಮತ ಹಾಕಿದ್ದರೂ ವಿರೋಧ ಪಕ್ಷದ ಬೆಂಚಿನಲ್ಲಿ ಕೂರಲು ಒಬ್ಬನೇ ಒಬ್ಬ ಇಲ್ಲ. 1998ರಲ್ಲಿ 80 ಕ್ಷೇತ್ರ. ಎಲ್‌ಸಿಡಿ ಪಕ್ಷಕ್ಕೆ ಶೇ 60ರಷ್ಟು ಮತ, 79 ಸ್ಥಾನ. ಎರಡನೆಯ ಬಿಎನ್‌ಪಿಗೆ ಶೇ 24ರಷ್ಟು ಮತ, ಒಂದು ಸ್ಥಾನ. ಸೋತವರು ಅರಮನೆಯ ಮುಂದೆ ಠಿಕಾಣಿ ಹೂಡಿದರು, ಸೈನ್ಯದಲ್ಲೂ ಒಡಕು ಬಂತು. ಸೆಪ್ಟೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್ವಾನಾದ ಸೈನ್ಯ ಒಳಗೆ ಬಂದಿತು. ರಾಜಧಾನಿ ಮಸೇರುವಿನ ಅಂಗಡಿ ಬೀದಿಗಳು ಸುಟ್ಟು ಕರಕಲಾದವು.

ಆ ಬೂದಿಯಿಂದ ಎದ್ದದ್ದು 2002ರ ಹೊಸ ನಿಯಮ. 80 ಕ್ಷೇತ್ರಗಳು ಹಾಗೆಯೇ ಉಳಿದವು, ಅದರ ಮೇಲೆ 40 ‘ಸರಿದೂಗಿಸುವ’ ಸ್ಥಾನಗಳು ಬಂದವು, ಒಟ್ಟು 120. ಲೆಕ್ಕ ಸರಳ. ಪಕ್ಷಕ್ಕೆ ದೇಶದಾದ್ಯಂತ ಬಿದ್ದ ಮತದ ಪಾಲಿನಂತೆ 120ರಲ್ಲಿ ಅದಕ್ಕೆ ಎಷ್ಟು ಸಲ್ಲಬೇಕೋ ಅಷ್ಟರಿಂದ, ಕ್ಷೇತ್ರಗಳಲ್ಲಿ ಗೆದ್ದದ್ದನ್ನು ಕಳೆಯಿರಿ. ಉಳಿದದ್ದು ಪಟ್ಟಿಯಿಂದ. ಕ್ಷೇತ್ರದಲ್ಲಿ ಬರಿಗೈಯಾದ ಬಿಎನ್‌ಪಿ ಈ ದಾರಿಯಿಂದ 21 ಸ್ಥಾನ ಪಡೆಯಿತು. ನೆರೆಯ ಸೈನ್ಯ ಬರಬೇಕಾದ ಪ್ರಮೇಯ ಆ ಸಲ ಒದಗಲಿಲ್ಲ.

ರಂಗೋಲಿಯ ಕೆಳಗೆ ತೂರುವವರು ಎಲ್ಲ ಊರಲ್ಲೂ ಇದ್ದಾರೆ. 2007ರಲ್ಲಿ ದೊಡ್ಡ ಪಕ್ಷಗಳೆರಡೂ ಒಂದು ಉಪಾಯ ಹೂಡಿದವು. ಮತದಾರರಿಗೆ ಎರಡು ಮತ ಇತ್ತು, ಕ್ಷೇತ್ರಕ್ಕೊಂದು, ಪಟ್ಟಿಗೊಂದು. ಎಲ್‌ಸಿಡಿ ಕ್ಷೇತ್ರಗಳಲ್ಲಿ ತಾನು ನಿಂತು, ‘ಪಟ್ಟಿಯ ಮತವನ್ನು ನಮ್ಮ ಗೆಳೆಯರಾದ ಎನ್‌ಐಪಿಗೆ ಹಾಕಿ’ ಎಂದಿತು. ಎನ್‌ಐಪಿ ಕ್ಷೇತ್ರಗಳಲ್ಲಿ ಗೆದ್ದದ್ದು ಏನೂ ಇಲ್ಲ, ಆದ್ದರಿಂದ ಕಳೆಯುವುದಕ್ಕೂ ಏನೂ ಇಲ್ಲ. ಅದು 21 ಸ್ಥಾನ ಬಾಚಿಕೊಂಡಿತು. ವಿರೋಧಿ ಎಬಿಸಿ ಪಕ್ಷವೂ ಇನ್ನೊಂದು ಸಣ್ಣ ಪಕ್ಷವನ್ನು ಮುಂದಿಟ್ಟು ಇದೇ ಆಟ ಆಡಿತು. ಸರಿದೂಗಿಸಬೇಕಾದ ತಕ್ಕಡಿಗೆ ಇಬ್ಬರೂ ಬೆರಳು ಒತ್ತಿದ ಹಾಗಾಯಿತು. 2012ರ ಹೊತ್ತಿಗೆ ಮತಪತ್ರ ಒಂದೇ ಆಯಿತು: ಕ್ಷೇತ್ರಕ್ಕೆ ಹಾಕಿದ ಮತವೇ ಪಟ್ಟಿಗೂ ಲೆಕ್ಕ. ಆ ಬಾಗಿಲು ಮುಚ್ಚಿತು. ಅಂದಿನಿಂದ ಅಲ್ಲಿ ಮೈತ್ರಿ ಸರ್ಕಾರಗಳ ಕಾಲ. ವಜ್ರದ ಗಣಿಯ ಗುತ್ತಿಗೆಯಲ್ಲಿ ಶ್ರೀಮಂತರಾದ ಸ್ಯಾಮ್ ಮಟೆಕಾನೆ 2022ರಲ್ಲಿ ಆರೇಳು ತಿಂಗಳ ಹಿಂದಷ್ಟೇ ಕಟ್ಟಿದ ಪಕ್ಷದಿಂದ 56 ಸ್ಥಾನ ಗೆದ್ದರೂ ಬಹುಮತಕ್ಕೆ ಬೇರೆಯವರ ಹೆಗಲು ಬೇಕಾಯಿತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಮೇಲ್ಮನೆಯದು. ಬೋಟ್ಸ್ವಾನಾ, ಗಾನಾ, ಜಾಂಬಿಯಾ, ಮಲಾವಿ, ಉಗಾಂಡಾ, ಟಾಂಜಾನಿಯಾಗಳಲ್ಲಿ ಸದನ ಒಂದೇ. ಬೋಟ್ಸ್ವಾನಾದಲ್ಲಿ ‘ನ್ಟ್ಲೊ ಯಾ ಡಿಕ್ಹೋಸಿ’, ಅಂದರೆ ಕುಲಮುಖ್ಯಸ್ಥರ ಮನೆ ಎಂಬುದೊಂದಿದೆ. ಅದು ಸಲಹೆ ಕೊಡಬಹುದು, ಮಸೂದೆ ತಡೆಯುವಂತಿಲ್ಲ. ಲೆಸೊಟೊದಲ್ಲಿ ಅಂಥವರೇ ಮೇಲ್ಮನೆ: 33 ಮಂದಿಯ ಸೆನೆಟ್‌ನಲ್ಲಿ 22 ಜನ ವಂಶಪಾರಂಪರ್ಯದಿಂದ ಬಂದ ಮುಖ್ಯಸ್ಥರು, 11 ಜನ ರಾಜರು ನಾಮನಿರ್ದೇಶನ ಮಾಡಿದವರು. ಚುನಾಯಿತರು ಒಬ್ಬರೂ ಇಲ್ಲ.

ನೈಜೀರಿಯಾದ್ದು ಅಮೆರಿಕದ ಮಾದರಿ. 36 ರಾಜ್ಯಗಳಿಗೆ ತಲಾ ಮೂವರು, ರಾಜಧಾನಿ ಅಬುಜಾಕ್ಕೆ ಒಬ್ಬರು, ಒಟ್ಟು 109 ಸೆನೆಟರ್‌ಗಳು. ಜನಸಾಗರದ ಲಾಗೋಸ್‌ಗೂ ಮೂರೇ, ಪುಟ್ಟ ಬಯೆಲ್ಸಾಕ್ಕೂ ಮೂರೇ. ಕೆಳಮನೆಯ 360 ಸ್ಥಾನ ಜನಸಂಖ್ಯೆಯ ಲೆಕ್ಕಕ್ಕೆ. ಇಬ್ಬರನ್ನೂ ಜನರೇ ನೇರವಾಗಿ ಆರಿಸುತ್ತಾರೆ, ಮಂತ್ರಿಯಾಗುವವರು ಸದನದಲ್ಲಿ ಇರುವಂತಿಲ್ಲ. ದಕ್ಷಿಣ ಆಫ್ರಿಕಾದ ಮೇಲ್ಮನೆಯಲ್ಲಿ ಒಂಬತ್ತು ಪ್ರಾಂತ್ಯಗಳಿಗೆ ತಲಾ ಹತ್ತು, ಒಟ್ಟು 90. ಪ್ರಾಂತ್ಯಗಳಿಗೆ ಸಂಬಂಧಿಸಿದ ಮಸೂದೆ ಬಂದಾಗ ಈ ಹತ್ತು ಜನ ಸೇರಿ ಹಾಕುವುದು ಒಂದೇ ಮತ.

ಮೇಲ್ಮನೆ ಎಂಬುದು ಅಲಂಕಾರ ಎಂದುಕೊಂಡವರು ಇಥಿಯೋಪಿಯಾವನ್ನು ನೋಡಬೇಕು. ಅಲ್ಲಿನ ಒಕ್ಕೂಟ ಸಭೆಯಲ್ಲಿ ಪ್ರತಿ ಜನಾಂಗಕ್ಕೂ ಕನಿಷ್ಠ ಒಬ್ಬರು, ಆಮೇಲೆ ಹತ್ತು ಲಕ್ಷ ಜನರಿಗೆ ಇನ್ನೊಬ್ಬರು. ಅದು ಕಾನೂನು ಮಾಡುವ ಸಭೆಯಲ್ಲ, ಸಂವಿಧಾನಕ್ಕೆ ಅರ್ಥ ಹೇಳುವ ಸಭೆ. ನಮ್ಮಲ್ಲಿ ಸುಪ್ರೀಂ ಕೋರ್ಟ್ ಮಾಡುವ ಕೆಲಸವನ್ನು ಅಲ್ಲಿ ರಾಜಕಾರಣಿಗಳ ಸದನ ಮಾಡುತ್ತದೆ. 2020ರ ಜೂನ್‌ನಲ್ಲಿ ಕೋವಿಡ್ ಕಾರಣಕ್ಕೆ ಚುನಾವಣೆ ಮುಂದೂಡಿ ಸರ್ಕಾರದ ಅವಧಿ ವಿಸ್ತರಿಸಬಹುದು ಎಂದು ತೀರ್ಪು ಕೊಟ್ಟದ್ದು ಇದೇ ಸಭೆ. ಟಿಗ್ರೆ ಪ್ರದೇಶ ಅದನ್ನು ಒಪ್ಪದೆ ಸೆಪ್ಟೆಂಬರ್‌ನಲ್ಲಿ ತನ್ನದೇ ಚುನಾವಣೆ ನಡೆಸಿತು. ನವೆಂಬರ್‌ನಲ್ಲಿ ಯುದ್ಧ ಶುರುವಾಯಿತು. ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಕಡ್ಡಿ ಗೀರಿದ ಜಾಗ ಇದು. ಸೆನೆಗಲ್‌ನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿನ 100 ಸೆನೆಟರ್‌ಗಳಲ್ಲಿ 65 ಮಂದಿ ಅಧ್ಯಕ್ಷರು ನೇಮಿಸಿದವರು. 2012ರಲ್ಲಿ ರಾಜಧಾನಿ ಡಾಕಾರ್ ನೆರೆಯಲ್ಲಿ ಮುಳುಗಿದಾಗ ಸೆನೆಟ್ಟನ್ನೇ ರದ್ದು ಮಾಡಿ ಆ ಹಣವನ್ನು ನೆರೆ ಪರಿಹಾರಕ್ಕೆ ತಿರುಗಿಸುವುದಾಗಿ ಹೇಳಿದರು. ಯಾರೂ ಹೆಚ್ಚು ಅತ್ತಂತೆ ಕಾಣಲಿಲ್ಲ.

ರುವಾಂಡಾಕ್ಕೆ ಬರುತ್ತೇನೆ. ಕೆಳಮನೆಯಲ್ಲಿ 80 ಸ್ಥಾನ. 53 ಸ್ಥಾನ ಪಕ್ಷದ ಪಟ್ಟಿಗಳಿಗೆ, ಶೇ 5 ಮತದ ಮಿತಿಯೊಂದಿಗೆ. 24 ಸ್ಥಾನ ಮಹಿಳೆಯರಿಗೇ. ಅವರನ್ನು ಸಾರ್ವಜನಿಕರಲ್ಲ, ಸ್ಥಳೀಯ ಮಂಡಳಿಗಳ ಮತ್ತು ಮಹಿಳಾ ಮಂಡಳಿಗಳ ಪ್ರತಿನಿಧಿಗಳು ಆರಿಸುತ್ತಾರೆ. ಇಬ್ಬರು ಯುವಜನರ ಪರವಾಗಿ, ಒಬ್ಬರು ಅಂಗವಿಕಲರ ಪರವಾಗಿ. ಮೀಸಲು 24 ಎಂದರೆ ಶೇ 30 ಮಾತ್ರ. ಉಳಿದವರು ಪಕ್ಷದ ಪಟ್ಟಿಗಳಿಂದಲೇ ಬಂದರು. 2008ರಲ್ಲಿ ಮಹಿಳೆಯರು ಅರ್ಧ ದಾಟಿದರು. ಜಗತ್ತಿನ ಯಾವ ಸಂಸತ್ತಿನಲ್ಲೂ ಅದಕ್ಕೆ ಮೊದಲು ಹಾಗಾಗಿರಲಿಲ್ಲ. 2024ರಲ್ಲಿ 80ರಲ್ಲಿ 51 ಮಹಿಳೆಯರು. 1994ರ ನರಮೇಧದ ನಂತರ ಉಳಿದವರಲ್ಲಿ ಹೆಂಗಸರೇ ಹೆಚ್ಚಾಗಿದ್ದ ದೇಶ ಅದು. ಊರು ಕಟ್ಟಿದವರೂ ಅವರೇ.

ಇಷ್ಟು ಹೇಳಿದ ಮೇಲೆ ಇನ್ನರ್ಧವನ್ನೂ ಹೇಳಲೇಬೇಕು. ಅದೇ 2024ರಲ್ಲಿ ಪಾಲ್ ಕಗಾಮೆ ಶೇ 99ಕ್ಕಿಂತ ಹೆಚ್ಚು ಮತಗಳಿಂದ ಅಧ್ಯಕ್ಷರಾದರು. ಅವರ ಪಕ್ಷದ ಕೂಟಕ್ಕೆ 53ರಲ್ಲಿ 37 ಸ್ಥಾನ. ಸದನದಲ್ಲಿ ಯಾರು ಕೂತಿದ್ದಾರೆ ಎಂಬ ಪ್ರಶ್ನೆಗೆ ರುವಾಂಡಾದ ಉತ್ತರ ಮೆಚ್ಚುವಂಥದ್ದು. ಕೂತವರು ‘ಇಲ್ಲ’ ಎನ್ನಬಲ್ಲರೇ ಎಂಬ ಪ್ರಶ್ನೆಗೆ ಅದೇ ಮಾತು ಹೇಳಲಾರೆ.

ಉಗಾಂಡಾದಲ್ಲಿ ಜಿಲ್ಲೆಗೊಂದು ಮಹಿಳಾ ಸ್ಥಾನ. ಇದರಲ್ಲೊಂದು ಸ್ವಾರಸ್ಯವಿದೆ: ಜಿಲ್ಲೆ ಒಡೆದರೆ ಸ್ಥಾನ ಹೆಚ್ಚುತ್ತದೆ. 1986ರಲ್ಲಿ 33 ಇದ್ದ ಜಿಲ್ಲೆಗಳು ಈಗ 130 ದಾಟಿವೆ, ಸದನದಲ್ಲಿ ಐನೂರಕ್ಕೂ ಹೆಚ್ಚು ಜನ. ಅದರಲ್ಲಿ ಹತ್ತು ಮಂದಿ ಸೈನ್ಯದ ಪ್ರತಿನಿಧಿಗಳು! ಸಮವಸ್ತ್ರ ತೊಟ್ಟೇ ಬಂದು ಕೂರುವವರು. ಯುವಜನ, ಕಾರ್ಮಿಕರು, ಅಂಗವಿಕಲರು, ಹಿರಿಯ ನಾಗರಿಕರು, ಇವರಿಗೆಲ್ಲ ಐದೈದು ಸ್ಥಾನ.

ಕೆನ್ಯಾದ ವಿಷಯದಲ್ಲಿ ನಮ್ಮವರು ಕಿವಿಗೊಡಬೇಕಾದ ಸಂಗತಿ ಇದೆ, ಯಾಕೆಂದರೆ ನಮ್ಮಲ್ಲೂ 2023ರಲ್ಲಿ ಮಹಿಳಾ ಮೀಸಲಾತಿಯ ತಿದ್ದುಪಡಿ ಅಂಗೀಕಾರವಾಗಿದೆ. ಕೆನ್ಯಾದ 2010ರ ಸಂವಿಧಾನ, ಯಾವುದೇ ಚುನಾಯಿತ ಸಂಸ್ಥೆಯಲ್ಲಿ ಒಂದೇ ಲಿಂಗದವರು ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಇರಬಾರದು ಎನ್ನುತ್ತದೆ. ರಾಷ್ಟ್ರೀಯ ಸಭೆಯಲ್ಲಿ 290 ಕ್ಷೇತ್ರಗಳು, 47 ಕೌಂಟಿಗಳಿಂದ, ಅಂದರೆ ಅಲ್ಲಿನ ಆಡಳಿತ ವಿಭಾಗಗಳಿಂದ, ಒಬ್ಬೊಬ್ಬ ಮಹಿಳೆ, 12 ನಾಮನಿರ್ದೇಶಿತರು, ಜೊತೆಗೆ ಸ್ಪೀಕರ್. 290 ಸಾಮಾನ್ಯ ಕ್ಷೇತ್ರಗಳಲ್ಲಿ ಗೆಲ್ಲುವ ಮಹಿಳೆಯರು ಹತ್ತರಲ್ಲೊಂದು ಪಾಲಿನಷ್ಟು. 47ನ್ನು ಸೇರಿಸಿದರೂ ಮೂರನೆಯ ಒಂದು ಭಾಗ ಮುಟ್ಟುವುದಿಲ್ಲ. ಕೊರತೆ ತುಂಬುವ ಕಾನೂನು ಮಾಡಿ ಎಂದು ನ್ಯಾಯಾಲಯಗಳು ಹೇಳಿದವು, ಸಂಸತ್ತು ಮಾಡಲಿಲ್ಲ. ಮಸೂದೆ ಬಂದಾಗಲೆಲ್ಲ ಸದನದಲ್ಲಿ ಕೋರಂ ಇರುತ್ತಿರಲಿಲ್ಲ ಅಥವಾ ಮತ ಸಾಲುತ್ತಿರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ, ಸಂಸತ್ತನ್ನು ವಿಸರ್ಜಿಸಿ ಎಂದು ಅಧ್ಯಕ್ಷರಿಗೆ ಲಿಖಿತ ಸಲಹೆಯನ್ನೇ ಕೊಟ್ಟರು. ವಿಸರ್ಜನೆ ಆಗಲಿಲ್ಲ. ಹಕ್ಕನ್ನು ಬರೆದು, ಅದನ್ನು ಜಾರಿಗೆ ತರುವ ಲೆಕ್ಕವನ್ನು ಆಮೇಲೆ ನೋಡೋಣ ಎಂದು ಬಿಟ್ಟರೆ ಹೀಗಾಗುತ್ತದೆ. ರುವಾಂಡಾ ಲೆಕ್ಕವನ್ನು ಮೊದಲೇ ಬರೆದಿತ್ತು. ಸೆನೆಗಲ್ ಕೂಡ: 2010ರ ಕಾನೂನಿನ ಪ್ರಕಾರ ಪಟ್ಟಿಯಲ್ಲಿ ಗಂಡು, ಹೆಣ್ಣು, ಗಂಡು, ಹೆಣ್ಣು ಎಂದು ಹೆಸರು ಹೆಣೆಯಲೇಬೇಕು.

ಸಮುದಾಯಗಳಿಗೆ ಸ್ಥಾನ ಹಂಚುವ ಪ್ರಯೋಗಗಳಲ್ಲಿ ಎರಡನ್ನು ಬಿಡಲಾರೆ. ಸೊಮಾಲಿಯಾದಲ್ಲಿ 275 ಸ್ಥಾನಗಳನ್ನು ಹಂಚುವ ಸೂತ್ರಕ್ಕೆ ‘ನಾಲ್ಕೂವರೆ’ ಎಂದೇ ಹೆಸರು: ನಾಲ್ಕು ದೊಡ್ಡ ಕುಲಗಳಿಗೆ ಸಮಪಾಲು, ಉಳಿದ ಸಣ್ಣ ಸಮುದಾಯಗಳಿಗೆಲ್ಲ ಸೇರಿ ಅರ್ಧ ಪಾಲು. ಮಾರಿಷಸ್‌ನದು ಇನ್ನೂ ಕುತೂಹಲದ್ದು. 21 ಕ್ಷೇತ್ರಗಳಿಂದ 62 ಜನ ಗೆದ್ದು ಬಂದ ಮೇಲೆ, ಯಾವ ಸಮುದಾಯಕ್ಕೆ ಪಾಲು ಕಡಿಮೆ ಬಿತ್ತೆಂದು ನೋಡಿ, ಸೋತವರಲ್ಲೇ ಚೆನ್ನಾಗಿ ಮತ ಪಡೆದ ಎಂಟು ಜನರವರೆಗೆ ಒಳಗೆ ಕರೆದುಕೊಳ್ಳುತ್ತಾರೆ. ಸೋತರೂ ಸಂಸದ! ಹಿಂದೂ, ಮುಸ್ಲಿಂ, ಚೀನೀ ಮೂಲದವರು, ಉಳಿದವರು ಎಂದು ನಾಲ್ಕು ಗುಂಪು. ಲೆಕ್ಕಕ್ಕೆ ಆಧಾರ 1972ರ ಜನಗಣತಿ, ಅದಾದ ಮೇಲೆ ಗಣತಿಯಲ್ಲಿ ಸಮುದಾಯ ಕೇಳುವುದನ್ನೇ ಬಿಟ್ಟಿದ್ದಾರೆ. ನಮ್ಮ ವಿಧಾನಸಭೆಯಲ್ಲೂ 2020ರವರೆಗೆ 224 ಚುನಾಯಿತರ ಜೊತೆ ಆಂಗ್ಲೋ-ಇಂಡಿಯನ್ ಸಮುದಾಯದ ಒಬ್ಬ ನಾಮನಿರ್ದೇಶಿತ ಸದಸ್ಯರಿಗೆ ಅವಕಾಶವಿತ್ತಲ್ಲ, ಆ ಚಿಂತನೆಯ ದೂರದ ನೆಂಟ ಎನ್ನಬಹುದು.

ಸಂಸತ್ತೇ ಇಲ್ಲದಂತಾದ ದೇಶಗಳೂ ಇವೆ ಎಂಬುದನ್ನು ಮರೆಯಬಾರದು. ಮಾಲಿಯಲ್ಲಿ 2020ರಲ್ಲಿ, ಬುರ್ಕಿನಾ ಫಾಸೊದಲ್ಲಿ 2022ರಲ್ಲಿ, ನೈಜರ್‌ನಲ್ಲಿ 2023ರಲ್ಲಿ ಸೈನಿಕರು ಅಧಿಕಾರ ಹಿಡಿದು ಚುನಾಯಿತ ಸದನಗಳನ್ನು ಮನೆಗೆ ಕಳಿಸಿದರು. ಎರಿಟ್ರಿಯಾ 1993ರಲ್ಲಿ ಸ್ವತಂತ್ರವಾದಂದಿನಿಂದ ರಾಷ್ಟ್ರೀಯ ಚುನಾವಣೆಯನ್ನೇ ಕಂಡಿಲ್ಲ. ಎಸ್ವಾಟಿನಿಯಲ್ಲಿ ಚುನಾವಣೆ ಇದೆ, ಆದರೆ ಪಕ್ಷಗಳು ಸ್ಪರ್ಧಿಸುವಂತಿಲ್ಲ, ಅಭ್ಯರ್ಥಿ ಒಬ್ಬೊಂಟಿಯಾಗಿಯೇ ನಿಲ್ಲಬೇಕು.

ಕಡೆಯದು ಗೋಲಿ. ಗ್ಯಾಂಬಿಯಾದಲ್ಲಿ ಓದು ಬರಹ ಬಲ್ಲವರು ಕಡಿಮೆ ಇದ್ದ 1960ರ ದಶಕದಲ್ಲಿ ಈ ಪದ್ಧತಿ ಬಂತು. ರಾಷ್ಟ್ರೀಯ ಸಭೆಯ 53 ಚುನಾಯಿತ ಸ್ಥಾನಗಳಿಗೆ 2022ರಲ್ಲಿ ಮತ ಬಿದ್ದದ್ದೂ ಹೀಗೆಯೇ. ಇನ್ನು ಐವರನ್ನು ಅಧ್ಯಕ್ಷರು ನೇಮಿಸುತ್ತಾರೆ, ಸ್ಪೀಕರ್ ಆಗುವವರು ಆ ಐವರಲ್ಲೊಬ್ಬರೇ, ಅದು ನನಗೆ ಅಷ್ಟು ಸರಿಕಾಣದ ಏರ್ಪಾಡು. ಮತಗಟ್ಟೆಯೊಳಗೆ ಬೆರಳಿಗೆ ಶಾಯಿ ಹಾಕಿ ನಿಮ್ಮ ಕೈಗೆ ಒಂದು ಗಾಜಿನ ಗೋಲಿ ಕೊಡುತ್ತಾರೆ. ಮರೆಯ ಹಿಂದೆ ತಗಡಿನ ಡ್ರಮ್ಮುಗಳ ಸಾಲು, ಒಂದೊಂದಕ್ಕೂ ಪಕ್ಷದ ಬಣ್ಣ, ಅಭ್ಯರ್ಥಿಯ ಫೋಟೊ, ಮೇಲೆ ಸಣ್ಣ ಕೊಳವೆ. ಗೋಲಿ ಬಿಟ್ಟರೆ ಒಳಗಿನ ಗಂಟೆಗೆ ತಗುಲಿ ‘ಟಿಣ್’ ಎನ್ನುತ್ತದೆ. ಹೊರಗೆ ಕೂತ ಅಧಿಕಾರಿಗೆ ಒಂದು ಸದ್ದು ಕೇಳಬೇಕು. ಎರಡು ಕೇಳಿದರೆ ಯಾರೋ ಜೇಬಿನಲ್ಲಿ ಗೋಲಿ ತಂದಿದ್ದಾರೆ ಎಂದರ್ಥ. ಬಿದ್ದ ಗೋಲಿ ತಳದಲ್ಲಿ ಮತ್ತೆ ಸದ್ದು ಮಾಡದಿರಲೆಂದು ಮರಳು ಅಥವಾ ಮರದ ಹೊಟ್ಟು ಹಾಕಿರುತ್ತಾರೆ. ಎಣಿಸುವಾಗ ಗುಳಿಗಳಿರುವ ಹಲಗೆಗೆ ಗೋಲಿ ಸುರಿಯುತ್ತಾರೆ, 200 ಅಥವಾ 500 ಗುಳಿ. ಹಲಗೆ ತುಂಬಿತೆಂದರೆ ಲೆಕ್ಕ ಮುಗಿಯಿತು, ಎಲ್ಲ ಪಕ್ಷದ ಏಜೆಂಟರೂ ಕಣ್ಣಾರೆ ನೋಡಬಹುದು. ಕುಲಗೆಟ್ಟ ಮತ ಎಂಬುದೇ ಇಲ್ಲ. 22 ವರ್ಷ ಆಳಿದ ಯಾಹ್ಯಾ ಜಮ್ಮೆ 2016ರ ಅಧ್ಯಕ್ಷ ಚುನಾವಣೆಯಲ್ಲಿ ಸೋತದ್ದು ಇವೇ ಗೋಲಿಗಳಿಂದ. ಮತದಾನದ ದಿನ ಮತಗಟ್ಟೆಯ ಹತ್ತಿರಕ್ಕೆ ಸೈಕಲ್ ತರುವಂತಿಲ್ಲ, ಅದರ ಗಂಟೆಯ ಸದ್ದೂ ಡ್ರಮ್ಮಿನ ಸದ್ದೂ ಒಂದೇ ಥರ ಕೇಳಿಸುತ್ತವೆ.